ಮಿರಿಸ್ಸಾದಲ್ಲಿ ನೀಲಿ ತಿಮಿಂಗಿಲ ನೋಡಲು ಹೊರಟವರಿಗೆ

ಶ್ರೀಲಂಕಾದ ದಕ್ಷಿಣ ತುದಿಯ ಮಿರಿಸ್ಸಾಕ್ಕೆ ನವೆಂಬರ್‌ನಿಂದ ಏಪ್ರಿಲ್ ಒಳಗೆ ಹೋಗಿ. ಮೇ ತಿಂಗಳಿಂದ ಮುಂಗಾರು ಈ ಕಡಲನ್ನು ಕಲಕಿಬಿಡುತ್ತದೆ. ಆಗ ಪೂರ್ವ ಕರಾವಳಿಯ ಟ್ರಿಂಕೋಮಲಿಯೇ ವಾಸಿ. ಮಿರಿಸ್ಸಾ ಬಳಿಯ ದೊಂಡ್ರ ಭೂಶಿರದ ಆಚೆ ಸಮುದ್ರ ಬೇಗನೆ ಆಳಕ್ಕಿಳಿಯುವುದರಿಂದ ಇಲ್ಲಿ ತಿಮಿಂಗಿಲಗಳು ದಡಕ್ಕೆ ಹತ್ತಿರವೇ ಸಿಗುತ್ತವೆ. ಭಾರಿ ಸರಕು ಹಡಗುಗಳ ದಾರಿಯೂ ಅದೇ. ಡಿಕ್ಕಿ ತಪ್ಪಿಸಲೆಂದು ಎಂಎಸ್‌ಸಿ ಎಂಬ ಹಡಗು ಸಾಗಣೆ ಕಂಪನಿ 2022ರಲ್ಲಿ ತನ್ನ ಹಡಗುಗಳನ್ನು ಇನ್ನಷ್ಟು ದಕ್ಷಿಣಕ್ಕೆ ಸರಿಸಿತು.

ದೋಣಿಗಳು ಬೆಳಿಗ್ಗೆ ಆರೂವರೆ ಸುಮಾರಿಗೆ ಹೊರಡುತ್ತವೆ. ಅದಕ್ಕೂ ಮೊದಲೇ ಹೊಟ್ಟೆಯ ವ್ಯವಸ್ಥೆ ಆಗಿರಬೇಕು. ಕಡಲ ಓಲಾಟಕ್ಕೆ ಬರುವ ವಾಂತಿ ತಡೆಯುವ ಅವೊಮಿನ್‌ನಂಥ ಮಾತ್ರೆಯನ್ನು ಹೊರಡುವ ಒಂದೆರಡು ಗಂಟೆ ಮುಂಚೆ ನುಂಗಿ. ವಾಂತಿ ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ನಿದ್ದೆ ಬರಿಸುತ್ತದೆ, ಆದ್ದರಿಂದ ವಾಹನ ಓಡಿಸಬೇಡಿ. ಮಕ್ಕಳಿಗೂ ಗರ್ಭಿಣಿಯರಿಗೂ ವೈದ್ಯರನ್ನು ಕೇಳದೆ ಕೊಡಬಾರದು. ಖಾಲಿ ಹೊಟ್ಟೆಯೂ ಬೇಡ, ಎಣ್ಣೆ ತಿಂಡಿಯೂ ಬೇಡ. ಎರಡು ಬಿಸ್ಕತ್ತು, ಒಂದು ಬಾಳೆಹಣ್ಣು ಸಾಕು. ಮೇಲಿನ ಅಟ್ಟದಿಂದ ದೂರದವರೆಗೆ ಕಾಣುತ್ತದೆ ನಿಜ, ಆದರೆ ಓಲಾಟವೂ ಅಲ್ಲೇ ಹೆಚ್ಚು. ತಲೆ ಸುತ್ತುವವರು ಕೆಳಗೆ, ದೋಣಿಯ ನಡುವಿನಿಂದ ತುಸು ಹಿಂದೆ ಕೂತು ದಿಗಂತ ನೋಡುತ್ತಿರಿ. ಮೊಬೈಲ್ ಪರದೆ ನೋಡುತ್ತ ಕೂತವರೇ ಮೊದಲು ಮಲಗುತ್ತಾರೆ.

ಹುಡುಕಬೇಕಾದದ್ದು ತಿಮಿಂಗಿಲವನ್ನಲ್ಲ, ಅದರ ಉಸಿರನ್ನು. ನೇರವಾಗಿ ಒಂಬತ್ತು ಮೀಟರ್‌ವರೆಗೂ ಏಳುವ ಬಿಳಿ ಕಂಬ ನೀಲಿ ತಿಮಿಂಗಿಲದ್ದು. ಗಿಡ್ಡಗೆ, ಮುಂದಕ್ಕೆ ಎಡಕ್ಕೆ ವಾಲಿದ್ದರೆ ಸ್ಪರ್ಮ್ ತಿಮಿಂಗಿಲ. ನೀಲಿ ತಿಮಿಂಗಿಲ ಮೇಲೆ ಬಂದಾಗ ಕೆಲವು ಸೆಕೆಂಡುಗಳಿಗೊಮ್ಮೆ ಹಲವು ಸಲ ಉಸಿರಾಡುತ್ತದೆ. ಆಮೇಲೆ ಬೆನ್ನು ಎತ್ತರಕ್ಕೆ ಬಾಗಿತೆಂದರೆ ಆಳಕ್ಕೆ ಹೊರಟಿತು. ಕೆಲವು ಬಾಲ ಎತ್ತುವುದು ಆಗಲೇ, ಆದ್ದರಿಂದ ಬೆನ್ನು ಬಾಗುವ ಹೊತ್ತಿಗೆ ಕ್ಯಾಮೆರಾ ಕಣ್ಣಿಗೆ ಬಂದಿರಲಿ: ಶಟರ್ 1/1000 ಅಥವಾ ಇನ್ನೂ ವೇಗ, 300 ಮಿ.ಮೀ. ಸುಮಾರಿನ ಲೆನ್ಸ್. ಮುಳುಗಿದ್ದು ಮತ್ತೆ ಏಳಲು ಹತ್ತು ಹದಿನೈದು ನಿಮಿಷ ಬೇಕಾಗಬಹುದು. ನೀರಿನ ಮೇಲೆ ಕೆಂಪು-ಕಿತ್ತಳೆ ಮೋಡದಂತೆ ಏನಾದರೂ ಹರಡಿದ್ದರೆ ಮುಖ ತಿರುಗಿಸಬೇಡಿ. ಅದು ತಿಮಿಂಗಿಲದ ಲದ್ದಿ, ಅವು ಸುತ್ತಮುತ್ತ ಮೇಯುತ್ತಿವೆ ಎಂಬುದಕ್ಕೆ ಒಳ್ಳೆಯ ಗುರುತು.

ತಿಮಿಂಗಿಲ ಮುಳುಗಿರುವ ಈ ಹತ್ತು ನಿಮಿಷದಲ್ಲೇ ಒಳ್ಳೆಯ ಚಾಲಕ ಯಾರೆಂದು ತಿಳಿಯುವುದು. ಬಲ್ಲವನು ಎಂಜಿನ್ ತಗ್ಗಿಸಿ ಕಾಯುತ್ತಾನೆ. ಪ್ರಾಣಿ ಎದ್ದ ಮೇಲೆ ಪಕ್ಕದಿಂದ, ಅದು ಸಾಗುವ ದಿಕ್ಕಿಗೆ ಸಮಾನಾಂತರವಾಗಿ, ನೂರು ಮೀಟರ್ ಅಂತರ ಬಿಟ್ಟು ನಿಧಾನ ಹೋಗುತ್ತಾನೆ. ಅವಸರದವನು ಅಡ್ಡ ನುಗ್ಗುತ್ತಾನೆ, ಅದು ಪೂರ್ತಿ ಉಸಿರು ತೆಗೆದುಕೊಳ್ಳದೆ ಮುಳುಗುತ್ತದೆ, ನಿಮಗೆ ಕಾಣುವುದು ಬರೀ ನೊರೆ. ಉಸಿರಾಟ ಕಡಿಮೆಯಾದರೆ, ಪದೇಪದೇ ದಿಕ್ಕು ಬದಲಿಸಿದರೆ, ದೂರ ಸರಿಯಲು ಚಾಲಕನಿಗೆ ಹೇಳಿ. ಪ್ರವಾಸಿಗರು ಸುಮ್ಮನಿದ್ದರೆ ಅವನು ಅದನ್ನೇ ಮೆಚ್ಚುಗೆ ಎಂದುಕೊಳ್ಳುತ್ತಾನೆ.

ಹಣ ಕೊಡುವ ಮುನ್ನ ಮೂರು ಪ್ರಶ್ನೆ ಕೇಳಿ: ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ, ಶೌಚಾಲಯ ಇದೆಯೇ, ತಿಮಿಂಗಿಲ ಕಾಣದಿದ್ದರೆ ಇನ್ನೊಂದು ದಿನ ಉಚಿತವಾಗಿ ಕರೆದೊಯ್ಯುತ್ತಾರೆಯೇ. ‘ನೂರಕ್ಕೆ ನೂರು ಗ್ಯಾರಂಟಿ’ ಎಂದವರನ್ನು ಬಿಟ್ಟು ಮುಂದಿನ ಅಂಗಡಿಗೆ ಹೋಗಿ.