ಹಳೇ ಬೆಳ್ಳಿ ರೂಪಾಯಿ ಮಾರೋಕೆ ಹೊರಟವರಿಗೆ
ತುಮಕೂರಿನಿಂದ ಬೆಂಗಳೂರಿನ ನಾಣ್ಯ ಮೇಳಕ್ಕೆ ಮನೇಲಿರೋ ಬೆಳ್ಳಿ ರೂಪಾಯಿ ತಗೊಂಡು ಹೋಗೋರು ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ! ಆ ಕಪ್ಪು ಹೋದ್ರೆ ಸಂಗ್ರಾಹಕರು ಕೊಡೋ ಬೆಲೆಯೂ ಹೋಯ್ತು.

ಇಸವಿ, ತೂಕ ಮನೆಯಲ್ಲೇ ನೋಡ್ಕೊಳ್ಳಿ. ಬ್ರಿಟಿಷರ ಕಾಲದ ರೂಪಾಯಿ 11.66 ಗ್ರಾಂ. 1939ರವರೆಗಿನದ್ರಲ್ಲಿ ಸುಮಾರು 10.7 ಗ್ರಾಂ ಬೆಳ್ಳಿ. 1940ರಿಂದ 1945ರದ್ರಲ್ಲಿ ತೂಕದ ಅರ್ಧದಷ್ಟು ಮಾತ್ರ ಬೆಳ್ಳಿ. ಮೇಳಕ್ಕೆ ಹೋಗೋ ದಿನದ ಬೆಳ್ಳಿ ದರಕ್ಕೆ ಲೆಕ್ಕ ಹಾಕಿ ಚೀಟಿ ಜೇಬಲ್ಲಿಟ್ಕೊಳ್ಳಿ. 1939ರದ್ದೇ ಸಿಕ್ತು ಅಂತ ಕುಣಿಯೋಕೆ ಹೋಗ್ಬೇಡಿ, ಅಪರೂಪದ್ದು ನಿಜ, ಆದ್ರೆ ನಕಲಿ ಬಹಳ.

ಮೇಳದಲ್ಲಿ ಮೊದಲನೇ ವ್ಯಾಪಾರಿ ಟೇಬಲ್ಲಲ್ಲೇ ಕೊಟ್ಟು ಬರಬೇಡಿ. "ಎಷ್ಟಕ್ಕೆ ಕೊಡ್ತೀರಾ?" ಅಂದ್ರೆ "ನೀವೇ ಹೇಳಿ ಸಾರ್" ಅನ್ನಿ, ಮೂರ್ನಾಲ್ಕು ಕಡೆ ಕೇಳಿ. ಚೆನ್ನಾಗಿರೋದನ್ನ ಮಾತ್ರ ಆರಿಸ್ಕೊಂಡು ಸವೆದದ್ದನ್ನ ವಾಪಸ್ ತಳ್ತಾರೆ, ಅದಕ್ಕೆ ಒಟ್ಟಿಗೇ ರೇಟು ಮಾತಾಡಿ.