ಮೋಡ ಏರುವ ಮುನ್ನ ಬೆಟ್ಟ ಏರಿ: ಟ್ರೈಲ್ ರಿಜ್ ರಸ್ತೆಯಲ್ಲಿ ನಿಮಗೆ ನೀವೇ ಗೈಡ್

ಅಮೆರಿಕದ ಕೊಲರಾಡೊದಲ್ಲಿರುವ ರಾಕಿ ಮೌಂಟನ್ ನ್ಯಾಷನಲ್ ಪಾರ್ಕ್ ನೋಡಲು ಗೈಡ್ ಬೇಕಿಲ್ಲ, ಟೂರ್ ಬಸ್ಸೂ ಬೇಕಿಲ್ಲ. ಒಂದು ಕಾರು, ತುಂಬಿದ ಟ್ಯಾಂಕು, ಬೇಗ ಏಳುವ ಮನಸ್ಸು ಇದ್ದರೆ ಸಾಕು. ಎಸ್ಟೆಸ್ ಪಾರ್ಕ್ ಎಂಬ ಊರಿನಿಂದ ಗ್ರ್ಯಾಂಡ್ ಲೇಕ್ ಎಂಬ ಊರಿಗೆ ಪಾರ್ಕಿನ ನಡುವೆ ಹಾದುಹೋಗುವ ಟ್ರೈಲ್ ರಿಜ್ ರಸ್ತೆ 48 ಮೈಲಿ ಉದ್ದ. ತೆರೆದದ್ದು 1932ರಲ್ಲಿ. ಅತಿ ಎತ್ತರದ ಜಾಗ 12,183 ಅಡಿ. ಇದರಲ್ಲಿ 11 ಮೈಲಿಯಷ್ಟು ದಾರಿ ಮರವೇ ಬೆಳೆಯದ ಎತ್ತರದಲ್ಲಿದೆ. ಎಲ್ಲೂ ನಿಲ್ಲದೆ ಹೋದರೆ ಎರಡು ಗಂಟೆ. ನೀವು ಆರು ಗಂಟೆ ಇಟ್ಟುಕೊಳ್ಳಿ.

ಆದರೆ ಯಾವ ಆರು ಗಂಟೆ ಅನ್ನುವುದು ಮುಖ್ಯ. ಬೇಸಿಗೆಯಲ್ಲಿ ಮಧ್ಯಾಹ್ನವಾಯಿತೆಂದರೆ ಇಲ್ಲಿ ಗುಡುಗು, ಸಿಡಿಲು ಮಾಮೂಲು. ಮರವಿಲ್ಲದ ಬೋಳು ಬೆಟ್ಟದ ಮೇಲೆ ಎಲ್ಲಕ್ಕಿಂತ ಎತ್ತರವಾಗಿ ನಿಂತಿರುವವರು ನೀವೇ, ಅಲ್ವಾ? ಮೊದಲ ಸಲ ಹೋದಾಗ ನಾವು ನಿಧಾನವಾಗಿ ತಿಂಡಿ ಮುಗಿಸಿ ಹನ್ನೊಂದಕ್ಕೆ ಹೊರಟೆವು. ಮೇಲೆ ತಲುಪಿ ಕಾರಿನ ಬಾಗಿಲು ತೆಗೆಯುವಷ್ಟರಲ್ಲಿ ಆಲಿಕಲ್ಲು. ಜುಲೈ ತಿಂಗಳಲ್ಲಿ! ಅರ್ಧ ಗಂಟೆ ಕಾರಿನೊಳಗೆ ಕೂತು ವೈಪರ್ ಆಡುವುದನ್ನು ನೋಡಿ ಕೆಳಗಿಳಿದೆವು. ಎರಡನೇ ಸಲ ಏಳು ಗಂಟೆಗೆಲ್ಲ ಗೇಟು ದಾಟಿದ್ದೆವು.

ಹೊರಡುವ ಮುಂಚೆ

ರಸ್ತೆ ವರ್ಷವಿಡೀ ತೆರೆದಿರುವುದಿಲ್ಲ. ಸಾಮಾನ್ಯವಾಗಿ ಮೇ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಮಾತ್ರ. ಏಪ್ರಿಲ್ ಮಧ್ಯದಲ್ಲೇ ಹಿಮ ತೆಗೆಯುವ ಯಂತ್ರಗಳು ಕೆಲಸ ಶುರುಮಾಡಿದರೂ ದಾರಿ ತೆರವಾಗಲು ಒಂದು ತಿಂಗಳಿಗೂ ಜಾಸ್ತಿ ಬೇಕು. ಕೆಲವೆಡೆ ಗಾಳಿ ತಂದು ಒಟ್ಟಿದ ಹಿಮ 35 ಅಡಿವರೆಗೂ ಇರುತ್ತದೆ. ಜೂನ್‌ನಲ್ಲೂ ಒಂದು ರಾತ್ರಿ ಹಿಮ ಬಿದ್ದು ದಾರಿ ಮುಚ್ಚಬಹುದು. ಹಿಂದಿನ ರಾತ್ರಿ ಒಮ್ಮೆ, ಬೆಳಿಗ್ಗೆ ಇನ್ನೊಮ್ಮೆ ಪಾರ್ಕಿನ ಜಾಲತಾಣದಲ್ಲಿ ರಸ್ತೆಯ ಸ್ಥಿತಿ ನೋಡಿಕೊಳ್ಳಿ.

ಈಚಿನ ವರ್ಷಗಳಲ್ಲಿ ಬೇಸಿಗೆಯ ಜನಸಂದಣಿಗೆ ಟೈಮ್ಡ್ ಎಂಟ್ರಿ ಎಂಬ ಮುಂಗಡ ಬುಕಿಂಗ್ ಇದೆ. ಬೇರ್ ಲೇಕ್ ರಸ್ತೆ ಬಿಟ್ಟು ಉಳಿದ ಪಾರ್ಕಿಗೆ ಅದು ಬೇಕಾಗುವುದು ಬೆಳಿಗ್ಗೆ 9ರಿಂದ ಮಧ್ಯಾಹ್ನ 2ರವರೆಗೆ ಒಳಗೆ ಹೋಗುವವರಿಗೆ. ಅಂದರೆ ಒಂಬತ್ತರೊಳಗೆ ಗೇಟು ದಾಟಿದರೆ ಈ ರಗಳೆಯೇ ಇಲ್ಲ. ಪ್ರವೇಶ ಶುಲ್ಕ ಮಾತ್ರ ಬೇರೆ, ಅದನ್ನು ಎಲ್ಲರೂ ಕೊಡಬೇಕು. 2026ರಿಂದ ಅಮೆರಿಕದ ನಿವಾಸಿಗಳಲ್ಲದ, 16 ವರ್ಷ ತುಂಬಿದವರಿಗೆ ಈ ಪಾರ್ಕಿನಲ್ಲಿ ತಲೆಗೆ 100 ಡಾಲರ್ ಹೆಚ್ಚುವರಿ ಶುಲ್ಕವಿದೆ. ಮಕ್ಕಳ ಮನೆಗೆ ಬಂದ ಅಪ್ಪ ಅಮ್ಮನನ್ನು ಕರೆದೊಯ್ಯುವವರು ಈ ಲೆಕ್ಕ ಮೊದಲೇ ಹಾಕಿಕೊಳ್ಳಿ. ಬುಕಿಂಗ್, ಶುಲ್ಕ ಎರಡೂ ಬದಲಾಗುವಂಥವು, ಹೋಗುವ ತಿಂಗಳಲ್ಲಿ ಮತ್ತೆ ನೋಡಿ.

ಪಾರ್ಕಿನೊಳಗೆ ಪೆಟ್ರೋಲ್ ಬಂಕ್ ಇಲ್ಲ. ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ. ಮ್ಯಾಪ್ ಡೌನ್‌ಲೋಡ್ ಮಾಡಿಕೊಳ್ಳಿ, ಗೇಟಿನಲ್ಲಿ ಕೊಡುವ ಕಾಗದದ ಮ್ಯಾಪನ್ನೂ ಇಟ್ಟುಕೊಳ್ಳಿ. ಎಸ್ಟೆಸ್ ಪಾರ್ಕಿನಲ್ಲಿ ಸೆಕೆ ಇದೆ ಎಂದು ಟೀ ಶರ್ಟಿನಲ್ಲಿ ಹೊರಡಬೇಡಿ. ಮೇಲೆ 20ರಿಂದ 30 ಡಿಗ್ರಿ ಫ್ಯಾರನ್‌ಹೀಟ್ ಕಡಿಮೆ ಇರುತ್ತದೆ, ಜೊತೆಗೆ ಗಾಳಿ.

ಅಷ್ಟು ಎತ್ತರದಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದಕ್ಕಿಂತ ಮೂರನೇ ಒಂದು ಪಾಲಿಗೂ ಜಾಸ್ತಿ ಇಳಿದಿರುತ್ತದೆ. ಸಾಧ್ಯವಾದರೆ ಹಿಂದಿನ ರಾತ್ರಿ 7,500 ಅಡಿಯ ಎಸ್ಟೆಸ್ ಪಾರ್ಕಿನಲ್ಲೇ ಉಳಿಯಿರಿ, ನೀರು ಚೆನ್ನಾಗಿ ಕುಡಿಯಿರಿ. ತಲೆನೋವು, ವಾಕರಿಕೆ ಶುರುವಾದರೆ ಮಾತ್ರೆ ನುಂಗಿ ಮುಂದೆ ಹೋಗುವುದಲ್ಲ, ಕೆಳಗಿಳಿಯಬೇಕು. ಹೃದಯ, ಶ್ವಾಸಕೋಶದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಹೊರಡಿ.

ಹತ್ತುವ ದಾರಿ

ಪೂರ್ವದಿಂದ ಪಶ್ಚಿಮಕ್ಕೆ ಹೋಗಿ. ಬೆಳಗಿನ ಬಿಸಿಲು ಬೆನ್ನಿಗಿರುತ್ತದೆ, ಎದುರಿನ ಬೆಟ್ಟಗಳು ಬೆಳಗುತ್ತವೆ. ಏರು ಎಲ್ಲೂ ಶೇ 7 ದಾಟದ ಹಾಗೆ ಕಟ್ಟಿದ ರಸ್ತೆ ಇದು, ಮಾಮೂಲಿ ಕಾರು ಸಾಕು. ಆದರೆ ಹಲವು ಕಡೆ ಅಂಚಿಗೆ ತಡೆಗೋಡೆಯಿಲ್ಲ. ಡ್ರೈವರ್ ರಸ್ತೆ ನೋಡಲಿ, ನೋಟ ಉಳಿದವರದು. ನಿಮಗೂ ನೋಡಬೇಕೆನಿಸಿದರೆ ಪಕ್ಕದ ನಿಲುಗಡೆಗೆ ಕಾರು ಹಾಕಿ. ಹಿಂದೆ ಸಾಲು ಬೆಳೆದಿದ್ದರೂ ಅಷ್ಟೇ, ಪಕ್ಕಕ್ಕೆ ಬಂದು ದಾರಿ ಬಿಡಿ.

ಎಲ್ಲ ವ್ಯೂಪಾಯಿಂಟಲ್ಲೂ ನಿಲ್ಲುತ್ತಾ ಹೋದರೆ ಮುಖ್ಯ ಜಾಗ ತಲುಪುವ ಹೊತ್ತಿಗೆ ಎಲ್ಲರಿಗೂ ಸಾಕಾಗಿರುತ್ತದೆ. ಹತ್ತುವಾಗ ಎರಡು ಕಡೆ ನಿಂತರೆ ಸಾಕು. ಮೊದಲನೆಯದು ಮೆನಿ ಪಾರ್ಕ್ಸ್ ಕರ್ವ್. ಇಲ್ಲಿ ಪಾರ್ಕ್ ಅಂದರೆ ಉದ್ಯಾನವಲ್ಲ, ಬೆಟ್ಟಗಳ ನಡುವಿನ ಹುಲ್ಲುಬಯಲು. ಕೆಳಗೆ ಅಂಥವು ಒಂದರ ಪಕ್ಕ ಒಂದು ಹರಡಿಕೊಂಡಿವೆ. ಎರಡನೆಯದು 10,829 ಅಡಿಯ ರೇನ್‌ಬೋ ಕರ್ವ್. ಇಲ್ಲಿ ಹಿಂದಿನ ಸೀಟಿನ ಚಿಪ್ಸ್ ಪ್ಯಾಕೆಟ್ ನೋಡಿ. ಬಲೂನಿನಂತೆ ಉಬ್ಬಿ ಬಿಗಿಯಾಗಿರುತ್ತದೆ. ಹೊರಗಿನ ಗಾಳಿಯ ಒತ್ತಡ ಇಳಿದದ್ದಕ್ಕೆ ಇದಕ್ಕಿಂತ ಒಳ್ಳೆಯ ಮೀಟರ್ ಬೇಡ. ಇಲ್ಲಿ ಶೌಚಾಲಯವೂ ಇದೆ.

ಇಲ್ಲಿಂದ ಮುಂದೆ ಮರಗಳು ಕುಳ್ಳಾಗುತ್ತಾ, ಸೊಟ್ಟಗಾಗುತ್ತಾ ಹೋಗುತ್ತವೆ. ಕೆಲವಕ್ಕೆ ಗಾಳಿ ಬೀಸುವ ಕಡೆ ಕೊಂಬೆಯೇ ಇಲ್ಲ, ಬಾವುಟದ ಹಾಗೆ ಒಂದೇ ಪಕ್ಕಕ್ಕೆ ಚಾಚಿವೆ. ಮುಂದಿನ ತಿರುವಿನಾಚೆ ಅವೂ ಇಲ್ಲ.

ಈಗ ರಾಕ್ ಕಟ್. 12,110 ಅಡಿ. ಇಡೀ ದಿನದಲ್ಲಿ ಒಂದೇ ಕಡೆ ಇಳಿಯುತ್ತೇನೆ ಅನ್ನುವವರು ಇಲ್ಲೇ ಇಳಿಯಿರಿ. ಹೋಗಿಬರಲು ಸುಮಾರು ಒಂದು ಮೈಲಿಯ ಕಾಲುದಾರಿ. ಚಿಕ್ಕದು ಅನಿಸುತ್ತದೆ, ಆದರೆ ನೂರು ಹೆಜ್ಜೆಗೇ ಏದುಸಿರು. ನಿಧಾನವಾಗಿ ನಡೆಯಿರಿ, ಬಗ್ಗಿ ನೋಡಿ. ನೆಲಕ್ಕೆ ಅಂಟಿಕೊಂಡ ಮೆತ್ತೆಯಂಥ ಗಿಡಗಳಲ್ಲಿ ಗುಂಡುಸೂಜಿ ತಲೆಯಷ್ಟೇ ದೊಡ್ಡ ಹೂಗಳಿರುತ್ತವೆ. ಇವುಗಳ ನಡುವೆ ಎದ್ದು ಕಾಣುವ ಹಳದಿ ಹೂ ಆಲ್ಪೈನ್ ಸನ್‌ಫ್ಲವರ್. ಹೆಸರು ಸೂರ್ಯಕಾಂತಿಯಾದರೂ ಸೂರ್ಯನ ಹಿಂದೆ ತಿರುಗುವುದಿಲ್ಲ, ಸುಮ್ನೆ ಪೂರ್ವಕ್ಕೆ ಮುಖಮಾಡಿ ನಿಂತಿರುತ್ತದೆ. ಹಲವು ವರ್ಷ ಶಕ್ತಿ ಕೂಡಿಟ್ಟು, ಒಂದೇ ಬೇಸಿಗೆ ಹೂಬಿಟ್ಟು ಸಾಯುವ ಗಿಡ ಅದು. ಕಾಲುದಾರಿ ಬಿಟ್ಟು ತುಳಿಯಬೇಡಿ ಎಂಬ ಬೋರ್ಡು ಸುಮ್ನೆ ಹಾಕಿದ್ದಲ್ಲ. ಇಲ್ಲಿ ತುಳಿದು ಸತ್ತ ಹಸಿರು ಮರಳಲು ದಶಕಗಳೇ ಬೇಕು.

ಬಂಡೆಗಳ ಸಂದಿನಿಂದ ಕೀಚ್ ಎಂಬ ಸದ್ದು ಕೇಳಿದರೆ ಅದು ಪೈಕಾ. ಮುಷ್ಟಿಯಷ್ಟು ದೊಡ್ಡದು, ಇಲಿಯಂತೆ ಕಂಡರೂ ಮೊಲದ ಬಳಗ. ಬಾಯಿ ತುಂಬ ಹುಲ್ಲು ಕಚ್ಚಿಕೊಂಡು ಬಂಡೆಯಡಿಗೆ ಓಡುತ್ತದೆ, ಮತ್ತೆ ಬರುತ್ತದೆ. ಚಳಿಗಾಲಕ್ಕೆ ಅದು ಹಾಕಿಕೊಳ್ಳುತ್ತಿರುವ ಬಣವೆ ಅದು. ಏನನ್ನೂ ತಿನ್ನಿಸಬೇಡಿ.

ರಸ್ತೆ ಬರುವ ಮುಂಚೆ ಈ ಬೆಟ್ಟದ ಬೆನ್ನ ಮೇಲೆ ಮೂಲನಿವಾಸಿಗಳ ದಾರಿಗಳಿದ್ದವು. ಒಂದು ದಾರಿಯನ್ನು ಅರಪಾಹೊ ಜನ ‘ಮಕ್ಕಳು ನಡೆದ ದಾರಿ’ ಎಂದು ಕರೆಯುತ್ತಿದ್ದರು. ಅಷ್ಟು ಕಡಿದಾದ ಏರಿನಲ್ಲಿ ಮಕ್ಕಳನ್ನು ಹೊತ್ತೊಯ್ಯಲಾಗದೆ ನಡೆಸಬೇಕಿತ್ತಂತೆ.

11,796 ಅಡಿಯ ಆಲ್ಪೈನ್ ವಿಸಿಟರ್ ಸೆಂಟರ್‌ಗೆ ಹತ್ತು ಗಂಟೆಯೊಳಗೆ ತಲುಪಿದರೆ ಪಾರ್ಕಿಂಗಿಗೆ ಸುತ್ತುವುದು ತಪ್ಪುತ್ತದೆ. ಪಕ್ಕದಲ್ಲೇ ಕಾಫಿ ಸಿಗುತ್ತದೆ. ಇಲ್ಲಿಗೆ ಇನ್ನೊಂದು ದಾರಿಯೂ ಇದೆ: 1920ರ ಓಲ್ಡ್ ಫಾಲ್ ರಿವರ್ ರಸ್ತೆ. ಜಲ್ಲಿ ಹಾದಿ, ಗಂಟೆಗೆ 15 ಮೈಲಿ ಮಿತಿ, ಹತ್ತಲು ಮಾತ್ರ ಬಿಡುತ್ತಾರೆ. ಅರ್ಧದಲ್ಲಿ ಹೆದರಿ ಹಿಂತಿರುಗುವಂತಿಲ್ಲ! ಅದು ತೆರೆಯುವುದು ಸಾಮಾನ್ಯವಾಗಿ ಜುಲೈನಲ್ಲಿ.

ಇಳಿಯುವ ದಾರಿ

ಹೊರಡುವ ಮುಂಚೆ ಖಾಲಿ ನೀರಿನ ಬಾಟಲಿಯ ಮುಚ್ಚಳ ಬಿಗಿಯಾಗಿ ಹಾಕಿ ಸೀಟಿನ ಕೆಳಗಿಡಿ. ಯಾಕೆಂದು ಆಮೇಲೆ ಹೇಳುತ್ತೇನೆ.

ಇಳಿಯುವಾಗ ಬ್ರೇಕಿನ ಮೇಲೆ ಕಾಲಿಟ್ಟೇ ಕೂರಬೇಡಿ. ಬಾಡಿಗೆ ಕಾರುಗಳೆಲ್ಲ ಹೆಚ್ಚಾಗಿ ಆಟೊಮ್ಯಾಟಿಕ್, ಗೇರನ್ನು ‘ಎಲ್’ ಅಥವಾ ಮ್ಯಾನುಯಲ್ ಮೋಡಿಗೆ ಹಾಕಿ. ಎಂಜಿನ್ ಗುಂಯ್‌ಗುಡುತ್ತದೆ, ಗಾಬರಿ ಬೇಡ, ಕಾರನ್ನು ಹಿಡಿದಿಡುವುದೇ ಅದು. ಸುಟ್ಟ ವಾಸನೆ ಬಂದರೆ ಪಕ್ಕಕ್ಕೆ ನಿಲ್ಲಿಸಿ ಬ್ರೇಕ್ ಆರಲು ಬಿಡಿ.

ಮಿಲ್ನರ್ ಪಾಸ್ ಎಂಬ ಕಣಿವೆದಾರಿಯಲ್ಲಿ ಒಂದು ಫಲಕವಿದೆ. ಅದರ ಒಂದು ಕಡೆ ಬಿದ್ದ ಮಳೆ ಅಟ್ಲಾಂಟಿಕ್ ಕಡೆಗೆ, ಇನ್ನೊಂದು ಕಡೆ ಬಿದ್ದದ್ದು ಪೆಸಿಫಿಕ್ ಕಡೆಗೆ. ಫೋಟೊ ತೆಗೆದು ಮುಂದೆ ಸಾಗಿ. ಫಾರ್‌ವ್ಯೂ ಕರ್ವ್‌ನಿಂದ ಕೆಳಗೆ ಕಾಣುವ ಸಣ್ಣ ಹೊಳೆಯೇ ಕೊಲರಾಡೊ ನದಿ, ಗ್ರ್ಯಾಂಡ್ ಕ್ಯಾನ್ಯನ್ ಕೊರೆದ ಅದೇ ನದಿ. ಕಣಿವೆಯಲ್ಲಿ ಜಿಂಕೆ ಬಳಗದ ದೈತ್ಯ ಮೂಸ್ ಕಂಡರೆ ಕನಿಷ್ಠ 120 ಅಡಿ ದೂರವಿರಿ, ಅದೇ ಬಳಗದ ಎಲ್ಕ್ ಆದರೆ 75 ಅಡಿ. ಕೊನೆಯ ಮೈಲಿಗಳಲ್ಲಿ ಕರಕಲಾದ ಮರಗಳು ಸಿಗುತ್ತವೆ, 2020ರ ಅಕ್ಟೋಬರ್‌ನ ಈಸ್ಟ್ ಟ್ರಬಲ್ಸಮ್ ಕಾಳ್ಗಿಚ್ಚಿನ ಗುರುತು.

ಗ್ರ್ಯಾಂಡ್ ಲೇಕ್ ಮುಟ್ಟಿದಿರಾ? ಊಟ ಮಾಡಿ. ಬಂದ ದಾರಿಯಲ್ಲೇ ಮರಳುವುದಾದರೆ ಮೇಲೆ ಗುಡುಗಿದಾಗ ಕಾರಿನಿಂದ ಇಳಿಯಬೇಡಿ. ಡೆನ್ವರ್‌ಗೆ ಹೋಗುವವರು ಗ್ರ್ಯಾನ್‌ಬಿ, ಬರ್ಥೌಡ್ ಪಾಸ್ ಮೂಲಕವೂ ಹೋಗಬಹುದು. ಈಗ ಸೀಟಿನ ಕೆಳಗಿನ ಬಾಟಲಿ ತೆಗೆಯಿರಿ. ಯಾರೋ ಹಿಂಡಿ ಹಾಕಿದ ಹಾಗೆ ಸೊಟ್ಟಗಾಗಿರುತ್ತದೆ. ಮುಚ್ಚಳ ಸಡಿಲಿಸಿದರೆ ಸುಯ್ ಎನ್ನುತ್ತಾ ಕೆಳಗಿನ ಗಾಳಿ ಒಳಗೆ ನುಗ್ಗುತ್ತದೆ.