ರೇಡಿಯೊ ತೋಟದಲ್ಲಿ, ಕಿವಿ ಮೈಸೂರಿನಲ್ಲಿ

ನಮ್ಮ ಸೋದರಮಾವನಿಗೆ ರಿಮೋಟ್ ಕಂಟ್ರೋಲ್ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಪಾಂಡವಪುರ ತಾಲ್ಲೂಕಿನ ತೋಟದ ಪಂಪ್‌ಸೆಟ್‌ಗೆ ಅವರು ಮೊಬೈಲ್ ಸ್ಟಾರ್ಟರ್ ಹಾಕಿಸಿ ವರ್ಷಗಳೇ ಆದವು. ಜಗುಲಿಯಲ್ಲಿ ಕೂತೇ ಫೋನ್ ಮಾಡುತ್ತಾರೆ. ತ್ರೀ ಫೇಸ್ ಕರೆಂಟ್ ಇದೆಯೋ ಇಲ್ಲವೋ ಅದೇ ಹೇಳುತ್ತದೆ. ಒಂದು ಬಟನ್ ಒತ್ತಿದರೆ ಮೋಟಾರ್ ಆನ್. ಬೋರ್‌ವೆಲ್‌ನಲ್ಲಿ ನೀರು ಮುಗಿದು ಮೋಟಾರ್ ಸುಮ್ನೆ ತಿರುಗತೊಡಗಿದರೆ, ಯಾರೂ ಹೇಳದೆ ತಾನೇ ಆಫ್ ಆಗುತ್ತದೆ.

ಅದೇ ತೋಟದ ಮನೆಯಲ್ಲಿ ನನ್ನ ಹ್ಯಾಮ್ ರೇಡಿಯೊ ಇದೆ. ಹವ್ಯಾಸಕ್ಕೆಂದು ಲೈಸೆನ್ಸ್ ಪಡೆದವರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ರೇಡಿಯೊ ಅದು. ನಾನಿರುವುದು ಮೈಸೂರಿನ ಕುವೆಂಪುನಗರದಲ್ಲಿ. ಇಲ್ಲಿಂದ ಅದರ ಫ್ರೀಕ್ವೆನ್ಸಿ ತಿರುಗಿಸುತ್ತೇನೆ, ಕೇಳುತ್ತೇನೆ, ಮಾತಾಡುತ್ತೇನೆ. ಹೇಗೆ ಅಂತ ಹೇಳುವ ಮೊದಲು ಯಾಕೆ ಅಂತ ಹೇಳಿಬಿಡುತ್ತೇನೆ.

ನಮ್ಮ ತಾರಸಿಯ ಮೇಲೆ ಆಂಟೆನಾ ಕಟ್ಟಿ ಸಂಜೆ ಹೊತ್ತು 7 ಮೆಗಾಹರ್ಟ್ಸ್‌ಗೆ ತಿರುಗಿಸಿದರೆ ಬರೀ ಗೊರ್ ಅನ್ನುವ ಸದ್ದು. ಎಲ್‌ಇಡಿ ಬಲ್ಬು, ಫೋನ್ ಚಾರ್ಜರು, ಪಕ್ಕದ ಬೀದಿಯ ಸೋಲಾರ್ ಇನ್ವರ್ಟರು, ಎಲ್ಲದರೊಳಗೂ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಜೋಡಿಸುವ ಸರ್ಕ್ಯೂಟ್ ಕೂತಿರುತ್ತದೆ. ಅದರ ಕಸವೆಲ್ಲ ಶಾರ್ಟ್‌ವೇವ್ ಉದ್ದಕ್ಕೂ ಚೆಲ್ಲುತ್ತದೆ. ಸ್ಟೇಷನ್ ಇಲ್ಲದ ಜಾಗದಲ್ಲೂ ಸಿಗ್ನಲ್ ಎಷ್ಟು ಜೋರು ಅಂತ ಅಳೆಯುವ ನಮ್ಮ ಮನೆಯ ಮೀಟರ್ ಎಸ್‌8 ತೋರಿಸುತ್ತದೆ. ತೋಟದಲ್ಲಿ ಅದೇ ಮೀಟರ್ ಎಸ್‌3. ಒಂದೊಂದು ಎಸ್‌ಗೂ 6 ಡೆಸಿಬೆಲ್ ಲೆಕ್ಕ. ಐದು ಎಸ್‌ಗೆ 30 ಡೆಸಿಬೆಲ್, ಅಂದರೆ 1000 ಪಟ್ಟು ವ್ಯತ್ಯಾಸ. ಎಷ್ಟು ದುಡ್ಡು ಸುರಿದು ರೇಡಿಯೊ ತಂದರೂ ಇದು ಸರಿಹೋಗುವುದಿಲ್ಲ, ಆಂಟೆನಾನೇ ಊರಾಚೆ ಹೋಗಬೇಕು. ಪ್ರೊ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಇದೇ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ ಶುರು ಮಾಡಿದಾಗ ಕೇಳುಗರಿಗೆ ಈ ಕಾಟ ಇರಲಿಲ್ಲ. ಪುಣ್ಯವಂತರು.

ಲೈಸೆನ್ಸ್

ಸುಮ್ನೆ ಕೇಳುವುದಲ್ಲ, ಮಾತಾಡಲೂ ಬೇಕು ಅನ್ನುವವರಿಗೆ ಹ್ಯಾಮ್ ಲೈಸೆನ್ಸ್ ಬೇಕೇ ಬೇಕು. ದೂರಸಂಪರ್ಕ ಇಲಾಖೆಯಲ್ಲಿ ರೇಡಿಯೊ ತರಂಗಗಳ ಬಳಕೆ ನೋಡಿಕೊಳ್ಳುವ ಡಬ್ಲ್ಯುಪಿಸಿ ವಿಭಾಗ ಪರೀಕ್ಷೆ ನಡೆಸಿ ಕೊಡುತ್ತದೆ. 12 ವರ್ಷ ತುಂಬಿದವರು ಬರೆಯಬಹುದು. ಲೈಸೆನ್ಸ್‌ನಲ್ಲಿ ಸ್ಟೇಷನ್ನಿನ ವಿಳಾಸ ಇರುತ್ತದೆ, ಅದು ಮುಖ್ಯ. ಮನೆಯ ವಿಳಾಸಕ್ಕೆ ಪಡೆದ ಲೈಸೆನ್ಸ್ ಇಟ್ಟುಕೊಂಡು ತೋಟದಲ್ಲಿ ಟ್ರಾನ್ಸ್‌ಮಿಟ್ ಮಾಡಬೇಡಿ, ಅಂದರೆ ಗಾಳಿಗೆ ಸಿಗ್ನಲ್ ಬಿಡಬೇಡಿ. ತೋಟದ ವಿಳಾಸಕ್ಕೆ ಮೊದಲು ಅರ್ಜಿ ಹಾಕಿ. ದೂರದಿಂದ ನಡೆಸುತ್ತೇನೆ ಅಂತಲೂ ಅದರಲ್ಲೇ ಬರೆಯಿರಿ.

ಬೇಕಾಗುವ ಸಾಮಾನು

ನನ್ನ ಹತ್ತಿರ ಈಗ ಇರುವುದು ಐಕಾಮ್ 7300. 100 ವ್ಯಾಟ್ ರೇಡಿಯೊ. ಇದರ ಹಿಂದಿನ ಒಂದೇ ಯುಎಸ್‌ಬಿ ಕೇಬಲ್‌ನಲ್ಲಿ ಕಂಟ್ರೋಲೂ ಹೋಗುತ್ತದೆ, ಸದ್ದೂ ಹೋಗುತ್ತದೆ. ಕಂಪ್ಯೂಟರ್‌ಗೆ ಸಿಕ್ಕಿಸಲು ಬರುವ ಬೇರೆ ರೇಡಿಯೊ ಇದ್ದರೂ ನಡೆಯುತ್ತದೆ. ಹಳೆಯದಾದರೆ ಸದ್ದಿಗೆ ಬೇರೆ ಸೌಂಡ್ ಕಾರ್ಡ್ ಬೇಕಾಗುತ್ತದೆ, ಅಷ್ಟೇ. ಅದರ ಪಕ್ಕಕ್ಕೆ ರಾಸ್ಪ್‌ಬೆರಿ ಪೈ ಎಂಬ ಒಂದು ಪುಟ್ಟ ಕಂಪ್ಯೂಟರ್ (ಮುಂದೆ ಬರೀ ಪೈ), 4ಜಿ ಸಿಮ್ ಹಾಕುವ ರೂಟರ್, 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿ. ಆಂಟೆನಾಗೆ ಎರಡು ತೆಂಗಿನ ಮರದ ನಡುವೆ ತಾಮ್ರದ ತಂತಿ. 7.1 ಮೆಗಾಹರ್ಟ್ಸ್‌ಗೆ ಒಟ್ಟು ಸುಮಾರು 20 ಮೀಟರ್, ನಡುವಿನಿಂದ ಆ ಕಡೆ ಹತ್ತು, ಈ ಕಡೆ ಹತ್ತು.

ಬ್ಯಾಟರಿ ಪೈಗೆ ಮತ್ತು ರೂಟರ್‌ಗೆ ಮಾತ್ರ. ರೇಡಿಯೊಗೆ ಅಲ್ಲ. ಕರೆಂಟ್ ಹೋದರೆ ರೇಡಿಯೊ ಆಫ್ ಆಗಲಿ, ಪರವಾಗಿಲ್ಲ. ಆದರೆ “ಕರೆಂಟ್ ಹೋಯ್ತು” ಅಂತ ಹೇಳುವುದಕ್ಕಾದರೂ ಒಬ್ಬ ಎಚ್ಚರ ಇರಬೇಕಲ್ವಾ? ಆ ಪುಟ್ಟ ಬ್ಯಾಟರಿಯಲ್ಲಿ ಇವೆರಡೂ ಐದಾರು ಗಂಟೆ ನಡೆಯುತ್ತವೆ.

ಮೊದಲು ಆಫ್ ಮಾಡುವ ದಾರಿ

ಎಲ್ಲರೂ ಸಾಫ್ಟ್‌ವೇರ್‌ನಿಂದ ಶುರು ಮಾಡುತ್ತಾರೆ. ನಾನೂ ಹಾಗೇ ಮಾಡಿದೆ. ಆಮೇಲೆ ಒಂದು ದಿನ ನಂಜನಗೂಡು ರಸ್ತೆಯ ಛತ್ರವೊಂದರಲ್ಲಿ ಮದುವೆ ಊಟಕ್ಕೆ ಕೂತಿದ್ದಾಗ ಮಾವನ ಫೋನ್ ಬಂತು.

“ಏನ್ಲಾ ಮಗ, ನಿನ್ ಡಬ್ಬ ಕೆಂಪು ಲೈಟ್ ಹಾಕ್ಕಂಡು ಬುಸುಗುಟ್ತಾ ಕುಂತದೆ?”

“ಪ್ಲಗ್ ಕಿತ್ತಾಕ್ಬುಡಿ ಮಾವ.”

“ಯಾವ್ದು? ಇಲ್ಲಿ ನಾಕವೆ.”

“ನಾಕೂ ಕಿತ್ತಾಕಿ.”

ಆಗಿದ್ದು ಇಷ್ಟು. ಮಳೆಗೆ ಕರೆಂಟ್ ಹೋಗಿ ಬಂದಿತ್ತು. ಆಗ ಪೈಗೆ ಬ್ಯಾಟರಿ ಇರಲಿಲ್ಲ, ರೀಬೂಟ್ ಆಯಿತು. ಆಗ ನನ್ನ ಹತ್ತಿರ ಇದ್ದದ್ದು ಹಳೆಯ ರೇಡಿಯೊ. ಸೀರಿಯಲ್ ಕೇಬಲ್‌ನ ಆರ್‌ಟಿಎಸ್ ಎಂಬ ತಂತಿ ಆನ್ ಆದರೆ ಅದು ಟ್ರಾನ್ಸ್‌ಮಿಟ್‌ಗೆ ಹೋಗುತ್ತಿತ್ತು. ಪೈನಲ್ಲಿ ಓಡುವ ಲಿನಕ್ಸ್ ಸೀರಿಯಲ್ ಪೋರ್ಟ್ ತೆರೆಯುವಾಗ ಆ ತಂತಿಯನ್ನು ತಾನೇ ಆನ್ ಮಾಡುತ್ತದೆ. ಅದು ಯಾರ ತಪ್ಪೂ ಅಲ್ಲ, ಅದರ ಸ್ವಭಾವ. ಮೈಕಿನಲ್ಲಿ ಸದ್ದಿಲ್ಲದ್ದರಿಂದ ಎಸ್‌ಎಸ್‌ಬಿಯಲ್ಲಿ, ಅಂದರೆ ದನಿ ಇದ್ದರೆ ಮಾತ್ರ ಶಕ್ತಿ ಹೊರಡುವ ಮೋಡ್‌ನಲ್ಲಿ, ಗಾಳಿಗೆ ಏನೂ ಹೋಗಲಿಲ್ಲ. ಅದೇ ಎಫ್‌ಎಂ ಮೋಡ್‌ನಲ್ಲಿ ಬಿಟ್ಟಿದ್ದರೆ ಪೂರ್ತಿ ಶಕ್ತಿಯಲ್ಲಿ ಗಂಟೆಗಟ್ಟಲೆ ಕಿರುಚುತ್ತಾ ಕೂತಿರುತ್ತಿತ್ತು.

ಸಂಜೆ ತೋಟಕ್ಕೆ ಹೋದಾಗ ಮಾವ ಕೇಳಿದ್ದು ಒಂದೇ ಮಾತು: “ನನ್ ಮೋಟ್ರು ತಾನೇ ಆಫ್ ಆಯ್ತದೆ. ನಿಂದ್ಯಾಕ್ ಆಗಲ್ಲ?”

ಉತ್ತರ ಇರಲಿಲ್ಲ. ಈಗ ಇದೆ. ಅದನ್ನೇ ನೀವು ಮೊದಲು ಮಾಡಿ.

ಒಂದು, ರೇಡಿಯೊದ ಮೆನುವಿನಲ್ಲಿ ಟೈಮ್‌ಔಟ್ ಟೈಮರ್ ಇರುತ್ತದೆ, 3 ನಿಮಿಷಕ್ಕೆ ಇಡಿ. ಎಷ್ಟೇ ಗಲಿಬಿಲಿಯಾದರೂ ಮೂರು ನಿಮಿಷಕ್ಕೆ ಟ್ರಾನ್ಸ್‌ಮಿಟ್ ನಿಲ್ಲುತ್ತದೆ. ಅದೇ ಮೆನುವಿನಲ್ಲಿ ‘ಯುಎಸ್‌ಬಿ ಸೆಂಡ್’ ಅನ್ನುವುದನ್ನು ಆಫ್ ಮಾಡಿ. ತಂತಿಯಿಂದ ಅಲ್ಲ, ಬರೆದ ಆಜ್ಞೆಯಿಂದ ಮಾತ್ರ ರೇಡಿಯೊ ಟ್ರಾನ್ಸ್‌ಮಿಟ್‌ಗೆ ಹೋಗಬೇಕು.

ಎರಡು, ರೇಡಿಯೊದ ಪವರ್ ಸಪ್ಲೈಗೆ ರಿಲೇ ಹಾಕಿ. ಸಣ್ಣ ಕರೆಂಟಿನಿಂದ ಆನ್ ಆಫ್ ಆಗುವ ಸ್ವಿಚ್ ಅದು. 7300 ಪೂರ್ತಿ ಶಕ್ತಿಯಲ್ಲಿ 13.8 ವೋಲ್ಟ್‌ನಲ್ಲಿ 21 ಆಂಪಿಯರ್ ಎಳೆಯುತ್ತದೆ. ಆ ಕಡೆ ಕಡಿಯಲು ಹೋದರೆ ರಿಲೇ ಕಿಡಿ ಹಾರಿಸಿ ಸುಟ್ಟುಕೊಳ್ಳುತ್ತದೆ. 230 ವೋಲ್ಟ್ ಕಡೆ ಎಳೆತ ಒಂದೆರಡು ಆಂಪಿಯರ್ ಅಷ್ಟೇ, ಸಾಮಾನ್ಯ 10 ಆಂಪಿಯರ್ ರಿಲೇ ಸಾಕು. ಮೇನ್ಸ್ ವೈರಿಂಗ್ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ, ಮುಚ್ಚಳ ಇರುವ ಡಬ್ಬಿಯೊಳಗೆ ಇರಲಿ. ಪೈ ಆಜ್ಞೆ ಕೊಟ್ಟಾಗ ಮಾತ್ರ ಕೂಡುವ, ಇಲ್ಲವಾದರೆ ಬಿಟ್ಟುಕೊಳ್ಳುವ ಕಾಂಟ್ಯಾಕ್ಟ್ ಬಳಸಿ. ಪೈ ಹ್ಯಾಂಗ್ ಆದರೆ ಏನು ಗತಿ? ಅದಕ್ಕೆ ಪೈ ಒಳಗೇ ವಾಚ್‌ಡಾಗ್ ಟೈಮರ್ ಇದೆ. ಅದನ್ನು ಶುರು ಮಾಡಿಟ್ಟರೆ, ಹ್ಯಾಂಗ್ ಆದ ಹದಿನೈದು ಸೆಕೆಂಡಿನೊಳಗೆ ಪೈ ತಾನೇ ರೀಬೂಟ್ ಆಗುತ್ತದೆ. ಆಗ ರಿಲೇ ಬಿಟ್ಟುಕೊಳ್ಳುತ್ತದೆ, ರೇಡಿಯೊ ಆಫ್.

ಮೂರು, ಮಾವನಿಂದ ಕದ್ದದ್ದು. ಸಿಮ್ ಹಾಕಿ ಎಸ್‌ಎಂಎಸ್‌ನಲ್ಲಿ ಆನ್ ಆಫ್ ಮಾಡುವ ರಿಲೇ ಸಿಗುತ್ತದೆ. ಅದನ್ನು ಮೊದಲ ರಿಲೇಯ ಜೊತೆ ಒಂದರ ಹಿಂದೆ ಒಂದು ಬರುವಂತೆ ಜೋಡಿಸಿ. ಎರಡರಲ್ಲಿ ಯಾವುದು ಕೈಬಿಟ್ಟರೂ ರೇಡಿಯೊ ಆಫ್. ಇದರ ಸಿಮ್ ರೂಟರ್‌ನ ಕಂಪನಿಯದೇ ಆಗಿರಬಾರದು. ಒಂದು ಟವರ್ ಮಲಗಿದರೆ ಇನ್ನೊಂದು ಇರಲಿ ಅಂತ.

ಇಷ್ಟಾದ ಮೇಲೆ ಕಂಪ್ಯೂಟರ್ ಮುಟ್ಟಿ.

ಕಂಟ್ರೋಲ್

ಹ್ಯಾಮ್‌ಲಿಬ್ ಅಂತ ಉಚಿತ ಸಾಫ್ಟ್‌ವೇರ್ ಇದೆ. ಒಂದೊಂದು ಕಂಪನಿಯ ರೇಡಿಯೊ ಒಂದೊಂದು ಭಾಷೆ ಆಡುತ್ತದೆ. ಹ್ಯಾಮ್‌ಲಿಬ್ ನಡುವೆ ನಿಂತ ದುಭಾಷಿ. ಅದರ ಜೊತೆಗೇ ಬರುವ ರಿಗ್‌ಸಿಟಿಎಲ್‌ಡಿ ಎಂಬ ಪ್ರೋಗ್ರಾಂ ಪೈನಲ್ಲಿ ಸದಾ ಓಡುತ್ತಾ 4532ನೇ ಪೋರ್ಟಿನಲ್ಲಿ, ಅಂದರೆ ನೆಟ್‌ವರ್ಕಿನ ಆ ನಂಬರಿನ ಬಾಗಿಲಲ್ಲಿ, ಕಾದಿರುತ್ತದೆ. ಶುರು ಮಾಡುವಾಗ ಮೂರು ವಿಷಯ ಹೇಳಬೇಕು: ರೇಡಿಯೊದ ಮಾಡೆಲ್ ನಂಬರ್, ರೇಡಿಯೊ ಸಿಕ್ಕಿಸಿದ ಯುಎಸ್‌ಬಿ ಪೋರ್ಟಿನ ಹೆಸರು, ವೇಗ. 7300ಕ್ಕೆ ಹ್ಯಾಮ್‌ಲಿಬ್ ಕೊಟ್ಟಿರುವ ನಂಬರ್ 3073, ವೇಗ 115200. ಪೋರ್ಟಿನ ಹೆಸರಿನಲ್ಲಿ ಹುಷಾರು. ಯುಎಸ್‌ಬಿ 0 ಅಂತ ಇದ್ದದ್ದು ರೀಬೂಟ್ ಆದ ಮೇಲೆ ಯುಎಸ್‌ಬಿ 1 ಆಗಿಬಿಡಬಹುದು. ಸೀರಿಯಲ್ ನಂಬರ್ ಸೇರಿರುವ ಉದ್ದನೆ ಹೆಸರೂ ಲಿನಕ್ಸ್‌ನಲ್ಲಿ ಸಿಗುತ್ತದೆ. ಅದನ್ನೇ ಕೊಡಿ.

ಆಜ್ಞೆಗಳು ಬಲು ಚೆಂದ. ಇಂಗ್ಲಿಷ್ ಅಕ್ಷರದ ದೊಡ್ಡ ರೂಪ ಹೇಳುವುದಕ್ಕೆ, ಸಣ್ಣ ರೂಪ ಕೇಳುವುದಕ್ಕೆ. ದೊಡ್ಡ ಎಫ್ ಬರೆದು ಜಾಗ ಬಿಟ್ಟು 7074000 ಅಂದರೆ ರೇಡಿಯೊ 7.074 ಮೆಗಾಹರ್ಟ್ಸ್‌ಗೆ ಹೋಗುತ್ತದೆ. ಸಣ್ಣ ಎಫ್ ಅಂದರೆ ಈಗ ಎಲ್ಲಿದ್ದೇನೆಂದು ಹೇಳುತ್ತದೆ. ದೊಡ್ಡ ಟಿ ಮತ್ತು 1 ಅಂದರೆ ಟ್ರಾನ್ಸ್‌ಮಿಟ್, ದೊಡ್ಡ ಟಿ ಮತ್ತು 0 ಅಂದರೆ ನಿಲ್ಲು. ಈ ಕೊನೆಯದನ್ನು ಪೈ ತಾನೇ ಕಳಿಸುವ ಹಾಗೆ ಪುಟ್ಟ ಸ್ಕ್ರಿಪ್ಟ್ ಬರೆದಿಡಿ: ಮೈಸೂರಿನಿಂದ ಹತ್ತು ಸೆಕೆಂಡ್ ಸುದ್ದಿಯಿಲ್ಲ ಅಂದರೆ, ಟಿ 0.

ದಿನವೂ ಹೀಗೆ ಅಕ್ಷರ ಒತ್ತುತ್ತಾ ಕೂರಬೇಕಿಲ್ಲ. ಲ್ಯಾಪ್‌ಟಾಪ್‌ನ ಡಬ್ಲ್ಯುಎಸ್‌ಜೆಟಿ-ಎಕ್ಸ್, ಎಫ್‌ಎಲ್‌ಡಿಜಿಯಂಥ ಪ್ರೋಗ್ರಾಂಗಳು ನೇರವಾಗಿ ಈ ಪೋರ್ಟಿಗೇ ಮಾತಾಡುತ್ತವೆ. ಐಕಾಮ್ ಇರುವವರಿಗೆ ಡಬ್ಲ್ಯುಎಫ್‌ವ್ಯೂ ಎಂಬ ಇನ್ನೊಂದು ಉಚಿತ ಪ್ರೋಗ್ರಾಂ ಇದೆ. ಕಂಟ್ರೋಲ್, ಸದ್ದು, ಸಿಗ್ನಲ್‌ಗಳು ಸುರಿಯುವ ವಾಟರ್‌ಫಾಲ್ ಚಿತ್ರ ಮೂರನ್ನೂ ಒಟ್ಟಿಗೇ ಕಳಿಸುತ್ತದೆ. ಹೊಸಬರು ಅದರಿಂದಲೇ ಶುರು ಮಾಡಿದರೂ ಸರಿ. ನನಗೆ ಬಿಡಿಬಿಡಿಯಾಗಿ ಜೋಡಿಸುವುದೇ ಇಷ್ಟ. ಕೆಟ್ಟಾಗ ಯಾವುದು ಕೆಟ್ಟಿತು ಅಂತ ಗೊತ್ತಾಗುತ್ತದೆ.

ದಾರಿ

ರಿಗ್‌ಸಿಟಿಎಲ್‌ಡಿ ಮಾಮೂಲಿಯಾಗಿ ಪಾಸ್‌ವರ್ಡ್ ಕೇಳುವುದಿಲ್ಲ. ಬಾಗಿಲು ತಟ್ಟಿದವರಿಗೆಲ್ಲ ರೇಡಿಯೊ ಕೊಟ್ಟುಬಿಡುತ್ತದೆ. ಅದಕ್ಕೇ 4532ನ್ನು ಇಂಟರ್ನೆಟ್‌ಗೆ ತೆರೆದಿಡಬಾರದು. ಹೇಗೂ 4ಜಿ ಸಿಮ್‌ನಲ್ಲಿ ಸಾಮಾನ್ಯವಾಗಿ ಹೊರಗಿನಿಂದ ಒಳಗೆ ಬರುವುದಕ್ಕೆ ಆಗುವುದಿಲ್ಲ, ಕಂಪನಿ ಒಂದೇ ವಿಳಾಸವನ್ನು ತುಂಬಾ ಜನಕ್ಕೆ ಹಂಚಿರುತ್ತದೆ. ಎರಡಕ್ಕೂ ಔಷಧಿ ವಿಪಿಎನ್, ಅಂದರೆ ಇಂಟರ್ನೆಟ್ ಒಳಗೇ ನಮಗೆ ಮಾತ್ರ ತೆರೆಯುವ ಗುಟ್ಟಿನ ದಾರಿ. ಟೇಲ್‌ಸ್ಕೇಲ್ ಎಂಬ ವಿಪಿಎನ್ ಹಾಕಿದರೆ ಹತ್ತು ನಿಮಿಷದ ಕೆಲಸ. ಪೈ ಮತ್ತು ಲ್ಯಾಪ್‌ಟಾಪ್ ಒಂದೇ ಮನೆಯಲ್ಲಿವೆ ಅನ್ನುವ ಹಾಗೆ ಮಾತಾಡುತ್ತವೆ.

ಸದ್ದು

ಪೈನಲ್ಲಿ ಮಂಬಲ್ ಸರ್ವರ್ ಹಾಕಿ. ವಿಡಿಯೊ ಗೇಮ್ ಆಡುವವರು ಮಾತಾಡಿಕೊಳ್ಳಲೆಂದು ಬಳಸುವ ಪ್ರೋಗ್ರಾಂ ಇದು, ಆದರೆ ತಡ ಕಡಿಮೆ. ಎಸ್‌ಎಸ್‌ಬಿ ದನಿಯ ಅಗಲವೇ 3 ಕಿಲೊಹರ್ಟ್ಸ್ ಒಳಗೆ. ಸೆಕೆಂಡಿಗೆ 40 ಕಿಲೊಬಿಟ್ ಕೊಟ್ಟರೆ ಧಾರಾಳ. ಗಂಟೆಗೆ ಸುಮಾರು 18 ಎಂಬಿ ಆಗುತ್ತದೆ, ಒಂದು ಚಿಕ್ಕ ವಿಡಿಯೊಗಿಂತ ಕಡಿಮೆ. ಸದ್ದು ಅರೆಕ್ಷಣ ತಡವಾದರೂ ಮಾತುಕತೆಗೆ ತೊಂದರೆಯಿಲ್ಲ. ಚುಕ್ಕಿ-ಗೆರೆಯ ಮೋರ್ಸ್ ಸಂಕೇತ ಕಳಿಸುವವರಿಗೆ ಮಾತ್ರ ತಲೆ ಕೆಡುತ್ತದೆ, ತಾವು ಒತ್ತಿದ್ದು ತಮಗೇ ಆಮೇಲೆ ಕೇಳಿಸುತ್ತದೆ. ಅವರು ಅಕ್ಷರ ಟೈಪ್ ಮಾಡಿ ಕಳಿಸಲಿ, ರೇಡಿಯೊ ತಾನೇ ಮೋರ್ಸ್ ಮಾಡಿಕೊಳ್ಳುತ್ತದೆ.

ಕಣ್ಣಿಡುವುದು

ಪೈ ನಿಮಿಷಕ್ಕೊಮ್ಮೆ ನಾಲ್ಕು ಸಂಗತಿ ಬರೆದಿಟ್ಟುಕೊಳ್ಳಲಿ: ಮೇನ್ಸ್ ಇದೆಯೇ, ಬ್ಯಾಟರಿ ಎಷ್ಟು ವೋಲ್ಟ್, ಡಬ್ಬಿಯೊಳಗೆ ಎಷ್ಟು ಬಿಸಿ, ರೇಡಿಯೊ ಟ್ರಾನ್ಸ್‌ಮಿಟ್‌ನಲ್ಲಿದೆಯೇ. ಬಿಸಿಗೆ ಡಿಎಸ್18ಬಿ20 ಎಂಬ ಮೂರು ಕಾಲಿನ ಸೆನ್ಸರ್ ಸಾಕು. ಏನಾದರೂ ಎಡವಟ್ಟಾದಾಗ ಮಾತ್ರ ಟೆಲಿಗ್ರಾಂನಲ್ಲಿ ಮೆಸೇಜ್ ಬರಲಿ. ಎಲ್ಲವನ್ನೂ ಕಳಿಸಿದರೆ ಮೂರನೇ ದಿನಕ್ಕೆ ನೀವೇ ಮ್ಯೂಟ್ ಮಾಡುತ್ತೀರಿ, ನನ್ನ ಅನುಭವ.

ಟ್ರಾನ್ಸ್‌ಮಿಟ್ ಮಾಡುವಾಗ ಎಸ್‌ಡಬ್ಲ್ಯುಆರ್ ನೋಡುವುದನ್ನು ಬಿಡಬೇಡಿ. ಕಳಿಸಿದ ಶಕ್ತಿಯಲ್ಲಿ ಎಷ್ಟು ಆಂಟೆನಾದಿಂದ ವಾಪಸ್ ಬರುತ್ತಿದೆ ಎಂಬುದು ಅದರಿಂದ ತಿಳಿಯುತ್ತದೆ. 1.5ರ ಒಳಗಿದ್ದರೆ ಆರಾಮ. 3 ದಾಟಿತೆಂದರೆ ತೆಂಗಿನ ಗರಿ ಬಿದ್ದು ತಂತಿ ಹರಿದಿರಬಹುದು, ಕನೆಕ್ಟರ್‌ಗೆ ನೀರು ಇಳಿದಿರಬಹುದು. ಆ ಕ್ಷಣವೇ ಸ್ಕ್ರಿಪ್ಟ್ ಟಿ 0 ಕಳಿಸಬೇಕು, ರಿಲೇಯನ್ನೂ ಬಿಡಬೇಕು. ಮಾವನ ಮೋಟಾರ್ ನೀರಿಲ್ಲದಾಗ ಮಾಡುವುದು ಇದನ್ನೇ.

ಸಿಡಿಲಿಗೆ ಮಾತ್ರ ಸಾಫ್ಟ್‌ವೇರ್ ಇಲ್ಲ. ಭರಣಿ ಮಳೆ ಶುರುವಾಗುವ ಹೊತ್ತಿಗೆ ಆಂಟೆನಾ ಕೇಬಲ್ ಕಿತ್ತು ಕಿಟಕಿಯಾಚೆ ಬಿಡುವುದು ಮಾವನ ಕೆಲಸ. ಹಲ್ಲಿ, ಇರುವೆಗಳಿಗೂ ಇಲ್ಲ. ಪವರ್ ಸಪ್ಲೈನ ಗಾಳಿ ತೂತಿಗೆ ಸೊಳ್ಳೆ ಜಾಲರಿ ಅಂಟಿಸಿ, ತಿಂಗಳಿಗೊಮ್ಮೆ ಧೂಳು ಹೊಡೆಯಿರಿ.

ತೋಟಕ್ಕೆ ಸಾಗಿಸುವ ಮೊದಲು ಎಲ್ಲವನ್ನೂ ಮನೆಯ ಪಕ್ಕದ ಕೋಣೆಯಲ್ಲಿ ಒಂದು ವಾರ ಓಡಿಸಿ. ಆಂಟೆನಾ ಬದಲು, ಶಕ್ತಿಯನ್ನು ಗಾಳಿಗೆ ಬಿಡದೆ ತಾನೇ ನುಂಗುವ ಡಮ್ಮಿ ಲೋಡ್ ಹಾಕಿ ಟ್ರಾನ್ಸ್‌ಮಿಟ್ ಮಾಡಿ, ನಡುವೆ ರೂಟರ್ ಆಫ್ ಮಾಡಿ. ಇನ್ನೊಂದು ಸಲ ಪೈನ ಕೇಬಲ್ ಎಳೆಯಿರಿ. ಮತ್ತೊಂದು ಸಲ ಮೇನ್ಸ್ ಕಿತ್ತು ಹಾಕಿ. ಪ್ರತಿ ಸಲವೂ ಕೆಂಪು ದೀಪ ಆರಲು ಎಷ್ಟು ಸೆಕೆಂಡ್ ಆಯಿತೆಂದು ಗಡಿಯಾರ ಹಿಡಿದು ಬರೆದುಕೊಳ್ಳಿ. ಒಂದು ಸಲ ಆರದಿದ್ದರೂ ಸಾಮಾನು ಮನೆಯಲ್ಲೇ ಇರಲಿ.

ಎಸ್‌ಎಂಎಸ್ ರಿಲೇಗೆ ಯಾವ ನಂಬರಿನಿಂದ ಬಂದ ಆಜ್ಞೆ ಮಾತ್ರ ಕೇಳಬೇಕೆಂದು ಹೇಳಿಕೊಡಬಹುದು. ನನ್ನದರಲ್ಲಿ ಎರಡು ನಂಬರ್ ಇವೆ. ಒಂದು ನನ್ನದು, ಇನ್ನೊಂದು ಮಾವನದು. ಅವರು ಈವರೆಗೆ ಒಂದೇ ಸಲ ಆಫ್ ಮಾಡಿದ್ದಾರೆ. ಯಾಕೆ ಮಾವ ಅಂತ ಕೇಳಿದರೆ, “ಟಿವಿ ಗೊರ್ ಅಂತಿತ್ತು ಕಲಾ” ಅಂದರು.